ಡಬ್ಬದೊಳಗಿನ ಒಂದು ಇಂಚು

ರಬ್ಬರ್ ಕಂಡರೆ ನನಗಾಗುವುದಿಲ್ಲ. ಬರೆದದ್ದನ್ನು ಉಜ್ಜಿ ಉಜ್ಜಿ ಹಾಳೆ ತೂತು ಮಾಡಿ, ಪಕ್ಕದವರ ಪುಸ್ತಕ ಇಣುಕಿ ಸರಿ ಉತ್ತರ ಬರೆದು, ಹುಟ್ಟುವಾಗಲೇ ಅದು ಗೊತ್ತಿತ್ತು ಎಂಬಂತೆ ಮುಖ ಮಾಡಿಕೊಂಡು ಕೂರುವ ಮಕ್ಕಳನ್ನು ನೋಡಿ ನನಗೆ ಸಾಕಾಗಿತ್ತು. ಅದಕ್ಕೇ ಶನಿವಾರ ಬೆಳಿಗ್ಗೆ ನಾಲ್ಕನೇ ತರಗತಿಯ ರಬ್ಬರುಗಳೆಲ್ಲ ನನ್ನ ಮೇಜಿನ ಮೇಲೆ ಬಂದು ಬೀಳಬೇಕು ಎಂದು ನಿಯಮ ಮಾಡಿದ್ದೆ. ಆಮೇಲೆ ಆ ವಾರ ಪರಿಸರ ಅಧ್ಯಯನದಲ್ಲಿ ಕಲಿತದ್ದರ ಬಗ್ಗೆ ಮೂರು ಮಾತು ಬರೆಯಬೇಕು. ಮೊದಲು ಏನು ಅಂದುಕೊಂಡಿದ್ದೆ, ಏನು ನೋಡಿದೆ, ಈಗ ಏನು ಅನಿಸುತ್ತದೆ. ತಪ್ಪಾಗಿದ್ದರೆ ಒಂದು ಗೆರೆ ಎಳೆಯಬಹುದು, ಆದರೆ ಅಳಿಸುವ ಹಾಗಿಲ್ಲ.

ನಮ್ಮದು ಗೋಣಿಕೊಪ್ಪಲಿನಿಂದ ಹುದಿಕೇರಿಯ ಕಡೆಗೆ ಹೋಗುವಾಗ ಒಳರಸ್ತೆಯಲ್ಲಿ ಸಿಗುವ ಒಂದು ಸಣ್ಣ ಶಾಲೆ. ಅಲ್ಲಿಗೆ ಬರುವ ಮಕ್ಕಳಲ್ಲಿ ಮನೆಯಲ್ಲಿ ಕನ್ನಡ ಮಾತಾಡುವವರು ಬೆರಳೆಣಿಕೆಯಷ್ಟು. ಕೊಡವ, ಮಲಯಾಳ, ತಮಿಳು, ಎರವ, ಜೊತೆಗೆ ಈಚೆಗೆ ಅಸ್ಸಾಮಿನಿಂದ ಎಸ್ಟೇಟ್ ಕೆಲಸಕ್ಕೆ ಬಂದವರ ಮಾತು. ನಾನೂ ಭಾಗಮಂಡಲದ ಕಡೆಯ ಅರೆಭಾಷೆಯವಳು. ಹಾಗಾಗಿ ಆ ಕೋಣೆಯಲ್ಲಿ ಕನ್ನಡ ಎಲ್ಲರಿಗೂ ಸಾಲ ತಂದ ಕೊಡೆಯ ಹಾಗೆ. ಇಂಥವರ ಕೈಯಲ್ಲಿ ಪುಟಗಟ್ಟಲೆ ಬರೆಸಲು ಹೋದರೆ ಮುಗಿಯಿತು ಕಥೆ. ಮೂರು ಮಾತು ಸಾಕು ಎಂದು ನಾನು ಹೇಳಿದ್ದು ಉದಾರತೆಯಿಂದಲ್ಲ, ಅನುಭವದಿಂದ.

ಮೊದಮೊದಲು ಎಲ್ಲರೂ ಒಂದೇ ವಾಕ್ಯ ಬರೆದರು: "ಪಾಠ ತುಂಬಾ ಚೆನ್ನಾಗಿತ್ತು." ಪಾಠ ಮಾಡಿದವಳು ನಾನು, ಅದು ಎಷ್ಟು ಚೆನ್ನಾಗಿತ್ತು ಎಂಬುದು ನನಗೆ ಗೊತ್ತಿಲ್ಲವೇ? ಗದರಿದೆ. ಮುಂದಿನ ವಾರ ಒಬ್ಬ ಧೈರ್ಯ ಮಾಡಿದ. "ಮೊದಲು ಅಂದುಕೊಂಡದ್ದು: ಜಿಗಣೆಗೆ ಹಲ್ಲಿಲ್ಲ. ನೋಡಿದ್ದು: ಕಚ್ಚಿತು. ಈಗ ಅನಿಸುವುದು: ಟೀಚರಿಗೂ ಕಚ್ಚಲಿ." ಇಡೀ ತರಗತಿಗೆ ಓದಿ ಹೇಳಿ, ಅವನಿಗೆ ಚಪ್ಪಾಳೆ ಹೊಡೆಸಿದೆ. ಅಲ್ಲಿಂದ ಮಕ್ಕಳ ಕೈ ಸಡಿಲವಾಯಿತು. ನಮ್ಮ ಮುಖ್ಯ ಶಿಕ್ಷಕರು ಮಾತ್ರ, ಇಷ್ಟೊಂದು ತಪ್ಪುಗಳಿರುವ ಪುಸ್ತಕವನ್ನು ಮೇಲಿನವರು ಬಂದಾಗ ಹೇಗಮ್ಮ ತೋರಿಸುವುದು ಎಂದು ಮೂಗು ಮುರಿದರು. ತೋರಿಸುವುದು ಬೇಡ ಎಂದೆ.

ಆ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ಅಸ್ಸಾಮಿನವಳು. ಹಿಂದಿನ ವರ್ಷ ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗ್ ಶುರುವಾಗುವಾಗ ಅಪ್ಪ ಅಮ್ಮನ ಜೊತೆ ಬಂದವಳು, ಪಿಕ್ಕಿಂಗ್ ಮುಗಿದ ಮೇಲೂ ಉಳಿದುಕೊಂಡಿದ್ದಳು. ಶಾಲೆಯ ಹಿಂದಿನ ಏರು ಹತ್ತಿದರೆ ಒಬ್ಬರು ವಯಸ್ಸಾದ ಬೆಳೆಗಾರರ ಸಣ್ಣ ತೋಟವಿದೆ. ಅಲ್ಲಿ ಕೂಲಿಯವರಿಗೆಂದು ಸಾಲಾಗಿ ಕಟ್ಟಿದ ಲೈನ್‌ಮನೆಯಲ್ಲಿ ಹುಡುಗಿಯ ಮನೆಯವರ ವಾಸ. ಅದಕ್ಕೆ ಮೊದಲು ಅವಳು ಯಾವ ಶಾಲೆಯಲ್ಲೂ ಒಂದು ವರ್ಷ ಪೂರ್ತಿ ಕೂತವಳಲ್ಲ. ಇಟ್ಟಿಗೆ ಗೂಡು, ಟೀ ತೋಟ, ಮೀನಿನ ಶೆಡ್ಡು, ಅಪ್ಪ ಹೋದಲ್ಲೆಲ್ಲ ಹೋಗಿ, ಅರ್ಧರ್ಧ ಕಲಿತು ಬಂದಿದ್ದಳು. ನಮ್ಮಲ್ಲಿ ಕನ್ನಡವನ್ನು ಹಸಿದವರ ಹಾಗೆ ತಿಂದಳು. ಹುರುಳಿಕಾಳು ಮೊಳಕೆ ಬರಿಸಿದ ವಾರ ಅವಳು ಬರೆದದ್ದು ನನಗೆ ಈಗಲೂ ಬಾಯಿಪಾಠ. "ಮೊದಲು ಅಂದುಕೊಂಡದ್ದು: ಬೀಜ ಸತ್ತಿದೆ. ನೋಡಿದ್ದು: ಬಾಲ ಬಂತು. ಈಗ ಅನಿಸುವುದು: ಸತ್ತಿಲ್ಲ, ಮಲಗಿತ್ತು." ಅದರ ಕೆಳಗೆ ಜಾಗ ಸಾಲದೆ ಅಂಚಿನಲ್ಲಿ ಇನ್ನೊಂದು ಸಾಲು ಇತ್ತು: "ಟೀಚರ್, ಎಬ್ಬಿಸಿದ್ದು ಯಾರು?"

ಮಕ್ಕಳಲ್ಲಿ ಭೇದ ಮಾಡಬಾರದು ಎಂದು ತರಬೇತಿಯಲ್ಲಿ ಹೇಳಿಕೊಡುತ್ತಾರೆ. ನಾನು ಮಾಡಿದೆ. ಅವಳೆಂದರೆ ನನಗೆ ಬಹಳ ಇಷ್ಟ.

ಜನವರಿ ಕಳೆದು ಬಿಸಿಲು ಬಲಿತಾಗ ಮಳೆಯ ಪಾಠ ಬಂತು. ಕೊಡಗಿನಲ್ಲಿ ಮಳೆಯ ಪಾಠ ಮಾಡುವುದೆಂದರೆ ಮೀನಿಗೆ ಈಜು ಕಲಿಸಿದಂತೆ. ಇಲ್ಲಿ ತೋಟ ಇರುವ ಪ್ರತಿ ಮನೆಯ ಅಂಗಳದಲ್ಲೂ ಮಳೆ ಅಳೆಯುವ ಡಬ್ಬ ಇರುತ್ತದೆ. ಬೆಳಿಗ್ಗೆ ಕಾಫಿ ಕುಡಿಯುವುದಕ್ಕೂ ಮೊದಲು ಯಜಮಾನರು ಹೋಗಿ, ಡಬ್ಬದ ನೀರನ್ನು ಗಾಜಿನ ಅಳತೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ನೋಡುತ್ತಾರೆ. ಪಠ್ಯಪುಸ್ತಕದಲ್ಲಿ ಮಿಲಿಮೀಟರ್ ಇದ್ದರೆ ಇದ್ದುಕೊಳ್ಳಲಿ, ನಮ್ಮಲ್ಲಿ ಮಳೆ ಬೀಳುವುದು ಇಂಚು ಮತ್ತು ಸೆಂಟಿನಲ್ಲಿ, ನೂರು ಸೆಂಟಿಗೆ ಒಂದು ಇಂಚು. ಮಾರ್ಚ್ ಬಂತೆಂದರೆ ಮದುವೆಮನೆಯಲ್ಲೂ ಸಾವಿನಮನೆಯಲ್ಲೂ ಒಂದೇ ಮಾತು, ನಿಮ್ಮಲ್ಲಿ ಎಷ್ಟು ಸೆಂಟ್? ನನ್ನ ಅಮ್ಮ ಫೋನ್ ಮಾಡಿದರೂ ನಾನು ಊಟ ಮಾಡಿದೆನಾ ಎಂದು ಕೇಳುವ ಮೊದಲು, "ಅಲ್ಲಿ ಮಳೆ ಬಂದುಟ್ಟಾ?" ಎಂದೇ ಕೇಳುವುದು.

ಇಷ್ಟೆಲ್ಲ ಕಾತರ ಹೂಮಳೆಗಾಗಿ. ಕೊಯ್ಲು ಮುಗಿದು ಒಣಗಿ ನಿಂತ ಕಾಫಿಗಿಡಕ್ಕೆ ಆ ಹೊತ್ತಿನಲ್ಲಿ ಒಂದು ಇಂಚು ಮಳೆ ಬಿದ್ದರೆ ಮೊಗ್ಗು ಅರಳುತ್ತದೆ, ಮುಂದಿನ ವರ್ಷದ ಬೆಳೆ ನಿಲ್ಲುತ್ತದೆ. ದೊಡ್ಡ ಎಸ್ಟೇಟಿನವರು ಕೆರೆಯಿಂದ ಪಂಪ್ ಇಟ್ಟು ಸ್ಪ್ರಿಂಕ್ಲರ್ ಹಾರಿಸುತ್ತಾರೆ. ಏರಿನ ಮೇಲಿನ ಆ ಬೆಳೆಗಾರರ, ಲೈನಿನವರ ಬಾಯಲ್ಲಿ ಸಾವ್ಕಾರರ, ಕೆರೆ ಆ ವರ್ಷ ತಳ ಕಂಡಿತ್ತು. ಅವರು ಲೈನಿನವರನ್ನು ಕರೆದು ಮುಚ್ಚುಮರೆಯಿಲ್ಲದೆ ಹೇಳಿದ್ದರು: ಒಂದು ಇಂಚು ಬಿದ್ದರೆ ಗೊಬ್ಬರ, ಕಳೆ, ಮರದ ಕೊಂಬೆ ಕಪಾತು ಎಂದು ವರ್ಷವಿಡೀ ಕೆಲಸ ಉಂಟು. ಬೀಳದಿದ್ದರೆ ನನ್ನಲ್ಲಿ ಕೆಲಸ ಇಲ್ಲ, ನೀವು ಬೇರೆ ಕಡೆ ನೋಡಿಕೊಳ್ಳಿ.

ಅಂದರೆ ಆ ಹುಡುಗಿ ನನ್ನ ತರಗತಿಯಲ್ಲಿ ಉಳಿಯುತ್ತಾಳೋ ಇಲ್ಲವೋ ಎಂಬುದು ಒಂದು ಇಂಚು ನೀರಿನ ಮೇಲೆ ನಿಂತಿತ್ತು. ಇದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಶಾಲೆಯಲ್ಲಿ ನಾವೂ ಒಂದು ಮಳೆ ಅಳತೆ ಮಾಡಿದೆವು. ನೀರಿನ ಬಾಟಲಿಯ ತಲೆ ಕತ್ತರಿಸಿ ಬೋರಲಾಗಿ ಕೂರಿಸಿ, ಪಕ್ಕಕ್ಕೆ ಮುರಿದ ಸ್ಕೇಲ್ ಅಂಟಿಸಿ, ಬಾವುಟದ ಕಂಬದ ಬುಡದಲ್ಲಿ ಇಟ್ಟೆವು. ದಿನಾ ಪ್ರಾರ್ಥನೆಗೆ ಮೊದಲು ನೋಡಿ ಕೂಗಿ ಹೇಳುವ ಕೆಲಸ ತನಗೇ ಬೇಕೆಂದು ಅವಳು ಹಟ ಹಿಡಿದಳು. ಕೊಟ್ಟೆ. ದಿನಾ ಅಲ್ಲಿಂದ "ಸೊನ್ನೆ ಟೀಚರ್!" ಎಂದು ಕೂಗುತ್ತಿದ್ದಳು. ಮೊದಲು ಗಟ್ಟಿಯಾಗಿ ಕೂಗುತ್ತಿದ್ದವಳ ದನಿ ಬರಬರುತ್ತಾ ಇಳಿಯಿತು.

ಒಂದು ಶನಿವಾರ ಮಳೆಯ ಬಗ್ಗೆ ನಿಮಗೆ ಏನು ಅನಿಸುತ್ತದೋ ಬರೆಯಿರಿ ಎಂದಿದ್ದೆ. ಉಳಿದವರೆಲ್ಲ ಮೋಡ, ಸಮುದ್ರ, ದೇವರು ಎಂದು ಬರೆದರು. ಇವಳು ಬರೆದದ್ದು: "ಮೊದಲು ಅಂದುಕೊಂಡದ್ದು: ಮಳೆ ಬಂದರೆ ನೆಲ ಒದ್ದೆ. ನೋಡಿದ್ದು: ಹೋದ ವರ್ಷ ಸಾವ್ಕಾರ್ ಡಬ್ಬ ನೋಡಿದರು. ಒಂದು ಇಂಚು ಎಂದು ಕೂಗಿದರು. ಅಪ್ಪನಿಗೆ ಕೆಲಸ ಕೊಟ್ಟರು. ಈಗ ಅನಿಸುವುದು: ಡಬ್ಬದಲ್ಲಿ ಒಂದು ಇಂಚು ಇದ್ದರೆ ನಾವು ಇಲ್ಲೇ."

ಓದಿ ಹೇಳಿದಾಗ ಮಕ್ಕಳು ನಕ್ಕರು. "ಡಬ್ಬ ಕೆಲಸ ಕೊಡ್ತದಾ?" ಎಂದು ಒಬ್ಬ ಕಿಚಾಯಿಸಿದ. ಅವಳು ಸೋಲುವವಳಲ್ಲ. "ನೀನು ನೋಡಿದ್ದೀಯಾ? ನಾನು ನೋಡಿದ್ದೇನೆ. ಸಾವ್ಕಾರ್ ಆಕಾಶ ನೋಡೋದಿಲ್ಲ, ಡಬ್ಬ ನೋಡ್ತಾರೆ," ಎಂದಳು. ಮಾತು ಸುಳ್ಳೂ ಅಲ್ಲ. ನಮ್ಮ ಜಿಲ್ಲೆಯಲ್ಲಿ ಅರ್ಧ ಜನ ಬೆಳಿಗ್ಗೆ ಎದ್ದು ಆಕಾಶ ನೋಡುವುದಿಲ್ಲ, ಡಬ್ಬವನ್ನೇ ನೋಡುತ್ತಾರೆ. ಕಣ್ಣಾರೆ ಕಂಡದ್ದನ್ನು ಬರೆದಿದ್ದಾಳೆ, ನಗುವವರು ಕಂಡದ್ದನ್ನು ತೋರಿಸಲಿ ಎಂದು ನಾನು ಅವಳ ಪರ ನಿಂತೆ. ಇದು ಹೌದೋ ಅಲ್ಲವೋ ಹೇಗೆ ತಿಳಿಯುವುದು ಎಂದು ಕೇಳಿದೆ. "ಮಾಡಿ ನೋಡಬೇಕು," ಎಂದು ತರಗತಿಯೆಲ್ಲ ಕೂಗಿತು. ಅದು ನಮ್ಮಲ್ಲಿ ದಿನಾ ಕೇಳುವ ಮಾತು.

ಮುಂದಿನ ವಾರ ಒಂದು ಬೆಳಿಗ್ಗೆ ಏರಿನ ಮೇಲಿನ ತೋಟದ ಯಜಮಾನರು ಸ್ಕೂಟರಿನಲ್ಲಿ ಶಾಲೆಗೆ ಬಂದರು. ಗೇಟಿನಿಂದಲೇ ನಗುತ್ತಿದ್ದರು.

"ಟೀಚರೇ, ನಿಮ್ಮ ಸ್ಟೂಡೆಂಟ್ ಇವತ್ತು ನನಗೆ ಮಳೆ ಬರಿಸಿದ್ಳು."

"ಎಂತ ಆಯ್ತು?"

"ಎಂತ ಆಗೋದು? ಬೆಳಿಗ್ಗೆ ಡಬ್ಬ ಎತ್ತಿದೆ, ಭಾರ ಇತ್ತು. ಅಳೆದೆ, ಒಂದು ಇಂಚು. ನಾನು ಹೆಂಡತಿಯನ್ನು ಕೂಗಿ ಕರೆದೇ ಬಿಟ್ಟೆ, ಮಾರಾಯ್ರೆ! ಆಮೇಲೆ ನೋಡ್ತೇನೆ, ಅಂಗಳದಲ್ಲಿ ಧೂಳು ಹಾರ್ತಾ ಉಂಟು. ಆ ಕಡೆ ತಿರುಗಿದರೆ ಈ ಹುಡುಗಿ ಅಪ್ಪನ ಕೈ ಹಿಡಿದುಕೊಂಡು ಮೆಟ್ಟಿಲ ಕೆಳಗೆ ನಿಂತಿದ್ದಾಳೆ. ಅವನಿಗೆ ಕೆಲಸದ ಅಂಗಿ ಬೇರೆ ಹಾಕಿಸಿದ್ದಾಳೆ."

ನಾನೂ ನಕ್ಕೆ. ಅವರು ಮುಂದುವರಿಸಿದರು. "ಸುಮ್ಮನೆ ನೀರು ತುಂಬಿಸಿದ್ದಲ್ಲ ಟೀಚರೇ. ಜಗಲಿಯಲ್ಲಿದ್ದ ನನ್ನ ಗಾಜಿನ ಅಳತೆಯಲ್ಲೇ ಅಳೆದು ಹಾಕಿದ್ದಾಳೆ. ಸರಿಯಾಗಿ ಒಂದು ಇಂಚು. ಒಂದು ಸೆಂಟ್ ಹೆಚ್ಚಿಲ್ಲ, ಕಡಿಮೆ ಇಲ್ಲ." ಇಷ್ಟು ಹೇಳುವಾಗ ಅವರ ನಗು ಎಲ್ಲೋ ನಿಂತಿತ್ತು. ಟೋಪಿ ತೆಗೆದು ತಲೆ ಒರೆಸಿಕೊಂಡರು. "ನನ್ನ ಮುಖವನ್ನೇ ನೋಡ್ತಾ ಇತ್ತು ಆ ಮಗು. ನಾನು ನಗಬಾರದಿತ್ತು. ಎಂತ ಮಾಡೋದು ಹೇಳಿ, ನನಗೂ ಮನಸ್ಸುಂಟು, ಕೆರೆಯಲ್ಲಿ ನೀರಿಲ್ಲ."

ಅವರ ಮೇಲೆ ಸಿಟ್ಟು ಮಾಡಿಕೊಳ್ಳೋಣ ಎಂದರೆ ಅವರು ಕೆಟ್ಟವರಲ್ಲ. ಬೇರೆ ಯಾರಾದರೂ ಆಗಿದ್ದರೆ ಡಬ್ಬ ಮುಟ್ಟಿದ್ದಕ್ಕೆ ಕೈ ಮುರಿಯುತ್ತೇನೆ ಎಂದು ಹಾರಾಡುತ್ತಿದ್ದರು. ಇವರು ಅವಳಿಗೆ ಎರಡು ಕಿತ್ತಳೆ ಕೊಟ್ಟು ಕಳಿಸಿದ್ದರಂತೆ. ಅವಳು ಒಂದನ್ನು ನನ್ನ ಮೇಜಿನ ಮೇಲಿಟ್ಟು ಹೋಗಿ ಕೂತಿದ್ದಳು.

ಆ ಶನಿವಾರದ ಪುಟ ಅವಳು ಬಹಳ ಹೊತ್ತು ಬರೆದಳು. ಉಳಿದವರು ಪೆನ್ಸಿಲ್ ಇಟ್ಟು ಗಲಾಟೆ ಶುರು ಮಾಡಿದ್ದರು. ಕೊನೆಗೆ ತಂದು ಕೊಟ್ಟಳು.

"ಮೊದಲು ಅಂದುಕೊಂಡದ್ದು: ಡಬ್ಬದಲ್ಲಿ ಒಂದು ಇಂಚು ಇದ್ದರೆ ಕೆಲಸ. ನೋಡಿದ್ದು: ಒಂದು ಇಂಚು ಇತ್ತು. ಸಾವ್ಕಾರ್ ನಕ್ಕರು. ಕೆಲಸ ಇಲ್ಲ. ಈಗ ಅನಿಸುವುದು: ಡಬ್ಬ ಅಲ್ಲ, ಮಳೆ ಬೇಕು. ಮಳೆ ಮಾಡಲು ನನಗೆ ಆಗುವುದಿಲ್ಲ."

ನಾನು ಇಷ್ಟು ವರ್ಷ ಪಾಠ ಮಾಡಿದ್ದೇನೆ. ಒಂದು ಮಗು ತಾನೇ ಯೋಚಿಸಿ, ತಾನೇ ಮಾಡಿ ನೋಡಿ, ತಾನು ನಂಬಿದ್ದನ್ನು ತಾನೇ ಬಿಟ್ಟು ಸರಿಯಾದ ಕಡೆಗೆ ಬಂದು ನಿಲ್ಲುವುದನ್ನು ಇಷ್ಟು ಚೊಕ್ಕವಾಗಿ ನೋಡಿದ್ದು ಅದೊಂದೇ ಸಲ. ಟೀಚರಾದವಳು ಹಿಗ್ಗಬೇಕಾಗಿತ್ತು. ನನಗೆ ಮಾತ್ರ ಮೊದಲ ಬಾರಿಗೆ, ಆ ಸಾಲನ್ನು ಒಂದು ರಬ್ಬರ್ ತೆಗೆದುಕೊಂಡು ಉಜ್ಜಿಬಿಡಬೇಕು ಅನಿಸಿತು. ಪುಟದ ಕೆಳಗೆ 'ಸರಿ' ಎಂದು ಗುರುತು ಹಾಕಲು ಕೈ ಬರಲಿಲ್ಲ. ಅವಳು ಕಾದು ನಿಂತಿದ್ದಳು.

"ಸರಿ ಇದೆಯಾ ಟೀಚರ್?"

"ಸರಿ ಇದೆ ಮಗಾ."

"ಹಾಗಾದರೆ ಮಳೆ ಯಾರು ಮಾಡ್ತಾರೆ?"

ಸಮುದ್ರ, ಬಿಸಿಲು, ಆವಿ, ಮೋಡ ಎಂದು ನಾನು ಶುರು ಮಾಡಿದೆ. ಅವಳು ಸೌಜನ್ಯಕ್ಕೆ ಪೂರ್ತಿ ಕೇಳಿಸಿಕೊಂಡಳು.

ಮಳೆ ಬರಲಿಲ್ಲ. ಹಾರಂಗಿಯ ಕಡೆ ಎರಡು ಹನಿ ಬಿತ್ತಂತೆ, ಮಡಿಕೇರಿಯಲ್ಲಿ ಗುಡುಗಿತಂತೆ ಎಂದು ಬಸ್ಸಿನಲ್ಲಿ ದಿನಾ ಸುದ್ದಿ. ನಮ್ಮಲ್ಲಿ ಮಧ್ಯಾಹ್ನ ಮೋಡ ಕಟ್ಟುತ್ತಿತ್ತು, ಸಂಜೆಗೆ ಬಿಚ್ಚುತ್ತಿತ್ತು. ನಾನು ಆಕಾಶಕ್ಕೆ ಬೈದಷ್ಟು ಯಾವ ವಿದ್ಯಾರ್ಥಿಗೂ ಬೈದಿಲ್ಲ.

ಒಂದು ದಿನ ಶಾಲೆ ಬಿಡುವ ಹೊತ್ತಿಗೆ ಅವಳ ಅಪ್ಪ ಬಂದು ಗೇಟಿನ ಹತ್ತಿರ ನಿಂತ. ಸುತ್ತಲಿನ ಲೈನುಗಳಲ್ಲಿದ್ದ ಅವರ ಕಡೆಯವರೆಲ್ಲ ಒಟ್ಟಿಗೆ ಊರಿಗೆ ಹೊರಟಿದ್ದರು. ಮರುದಿನ ಬೆಳಿಗ್ಗೆ ಗೋಣಿಕೊಪ್ಪಲಿನಿಂದ ಬಸ್ಸು, ಬೆಂಗಳೂರಿನಿಂದ ರೈಲು.

"ಪರೀಕ್ಷೆ ಮುಗಿಯುವವರೆಗಾದರೂ ಇರಿ," ಎಂದೆ. "ಬೇಕಾದರೆ ಅಲ್ಲಿವರೆಗೆ ಅವಳು ನನ್ನ ಮನೆಯಲ್ಲಿರಲಿ."

ಆತ ಕೈ ಮುಗಿದ. "ಮೇಡಂ, ಸಬ್ ಲೋಗ್, ಎಲ್ಲ ಜನ ಹೋಗ್ತಾರೆ. ನಾವು ಒಬ್ರೇ ಹೇಗೆ ಇರೋದು? ಹುಡುಗಿ ಬಿಟ್ಟು ಅವಳ ಅಮ್ಮ ಬರೋದಿಲ್ಲ." ಮಗಳ ಕಡೆ ತಿರುಗಿ, "ನಿಮ್ಮ ಶಾಲೆ ಇವಳಿಗೆ ಬಹುತ್ ಖುಷಿ," ಎಂದ.

ಯಾವ ತಾಯಿ ತಾನೇ ಬಿಟ್ಟು ಹೋಗುತ್ತಾಳೆ? ಕೇಳಿದ್ದು ನನ್ನ ಆಸೆಬುರುಕತನ. ಹುಡುಗಿ ಪುಸ್ತಕವನ್ನು ಚೀಲಕ್ಕೆ ತುಂಬಿಕೊಂಡಳು. ಹೋಗುವ ಮೊದಲು ಬಾವುಟದ ಕಂಬದ ಹತ್ತಿರ ಹೋಗಿ, ಬಾಟಲಿಯೊಳಗೆ ಬಿದ್ದಿದ್ದ ತರಗೆಲೆಯನ್ನು ಬೆರಳು ಹಾಕಿ ತೆಗೆದಳು. "ಎಲೆ ಇದ್ದರೆ ಅಳತೆ ತಪ್ಪಾಗ್ತದೆ ಟೀಚರ್. ದಿನಾ ನೋಡಿ," ಎಂದು ನನಗೆ ಬುದ್ಧಿ ಹೇಳಿದಳು. ನಾನು ಅವಳ ತಲೆ ಮುಟ್ಟಿದೆ. ಅಳಬಾರದು ಎಂದು ಅಂದುಕೊಂಡಿದ್ದೆ, ಅತ್ತೆ.

ಅವರು ಬಸ್ಸು ಹತ್ತಿದ ದಿನವೇ ಸಂಜೆ ಮಳೆ ಬಂತು. ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹಾಗೆ. ನಾಲ್ಕು ಗಂಟೆಗೆ ಕತ್ತಲಾಗಿ, ಗಾಳಿ ಎದ್ದು, ಶಾಲೆಯ ಹೆಂಚಿನ ಮೇಲೆ ಕಲ್ಲು ಸುರಿದ ಹಾಗೆ ಸುರಿಯಿತು. ಮನೆಗೆ ಹೋಗಲಾರದೆ ಜಗಲಿಯಲ್ಲಿ ನಿಂತಿದ್ದ ಮಕ್ಕಳು ಕುಣಿದರು. ಊರಲ್ಲಿ ಯಾರೋ ಪಟಾಕಿ ಹೊಡೆದರು. ಇಡೀ ಕೊಡಗು ಕಾದು ಕೂತಿದ್ದ ಮಳೆ. ನಾನೊಬ್ಬಳು ಅದಕ್ಕೆ ಶಾಪ ಹಾಕುತ್ತಾ ನಿಂತಿದ್ದೆ.

ಬೆಳಿಗ್ಗೆ ಮಕ್ಕಳು ಬಾಟಲಿಯ ಸುತ್ತ ನೆರೆದಿದ್ದರು, ಆದರೆ ಯಾರೂ ಮುಟ್ಟಿರಲಿಲ್ಲ. ಅದು ಅವಳ ಕೆಲಸ ಎಂದು ನಿಂತಿದ್ದರು. ಕೊನೆಗೆ ನಾನೇ ಬಗ್ಗಿ ನೋಡಿದೆ. ನೀರು ಸ್ಕೇಲಿನ ಒಂದು ಇಂಚಿನ ಗೆರೆಗೆ ಸರಿಯಾಗಿ ನಿಂತಿತ್ತು.

ತೋಟದ ಯಜಮಾನರಿಗೆ ಫೋನ್ ಮಾಡಿದೆ. ಅವರು ನನಗಿಂತ ಮೊದಲೇ ಹುಡುಗಿಯ ಅಪ್ಪನಿಗೆ ಪ್ರಯತ್ನಿಸಿದ್ದರಂತೆ, ಸಿಕ್ಕಿರಲಿಲ್ಲ. "ನಿಮಗೆ ಸಿಕ್ಕಿದರೆ ಹೇಳಿ ಟೀಚರೇ, ವಾಪಸ್ ಬರಲಿ, ಕೆಲಸ ಉಂಟು, ಮನೆ ಹಾಗೇ ಉಂಟು. ನಾನು ಬೀಗ ಕೂಡ ಹಾಕಲಿಲ್ಲ," ಎಂದರು. ತರಗತಿಯ ಬಾಗಿಲಲ್ಲೇ ನಿಂತು ಅವಳ ಅಪ್ಪನ ನಂಬರ್ ಮತ್ತೆ ಮತ್ತೆ ಒತ್ತಿದೆ. ಪ್ರಾರ್ಥನೆ ಮುಗಿದ ಮೇಲೆ ಫೋನ್ ಸಿಕ್ಕಿತು. ಎತ್ತಿದ್ದು ಅವಳೇ. ಹಿಂದೆ ರೈಲಿನ ಸದ್ದು.

"ಟೀಚರ್! ಎಷ್ಟು?"

ನಮಸ್ಕಾರ ಇಲ್ಲ, ಕ್ಷೇಮ ಸಮಾಚಾರ ಇಲ್ಲ. ನಮ್ಮ ಜಿಲ್ಲೆಯವಳೇ ಆಗಿಹೋಗಿದ್ದಳು. ಸುಳ್ಳು ಹೇಳೋಣ ಎಂದು ಒಂದು ಕ್ಷಣ ಅನಿಸಿತು. ಸೊನ್ನೆ ಎಂದುಬಿಟ್ಟರೆ ಅವಳು ನೆಮ್ಮದಿಯಾಗಿ ಊರು ಸೇರುತ್ತಾಳೆ. ಆದರೆ ನೋಡಿದ್ದನ್ನು ನೋಡಿದ ಹಾಗೆ ಹೇಳು ಎಂದು ಅವಳಿಗೆ ಕಲಿಸಿದವಳು ನಾನು. ಮೇಲಾಗಿ ಅವರು ತಿರುಗಿ ಬಂದಾರು ಎಂಬ ಆಸೆ ನನಗಿನ್ನೂ ಇತ್ತು.

"ಒಂದು ಇಂಚು," ಎಂದೆ.

"ಒಂದು ಇಂಚಾ? ನಾನು ಹಾಕಿದಷ್ಟೇ!" ಅವಳ ದನಿಯಲ್ಲಿದ್ದ ಸಂತೋಷವನ್ನು ನಾನು ಹೇಗೆ ಬರೆಯಲಿ? "ಹಾಗಾದರೆ ಕೆಲಸ ಉಂಟು ಅಲ್ವಾ ಟೀಚರ್? ಸಾವ್ಕಾರ್ ಕೂಗಿದರಾ?"

"ಕೂಗಿದರು. ಕೆಲಸ ಉಂಟಂತೆ. ಬನ್ನಿ ಅಂದಿದ್ದಾರೆ. ಅಪ್ಪನಿಗೆ ಹೇಳು."

ಅವಳು ತನ್ನ ಭಾಷೆಯಲ್ಲಿ ಗಡಗಡನೆ ಹೇಳುವುದು ಕೇಳಿಸಿತು. ಅಪ್ಪನ ದನಿ, ಅಮ್ಮನ ದನಿ, ಇನ್ಯಾರದೋ ನಗು. ಆಮೇಲೆ ಅಪ್ಪ ಮೆಲ್ಲಗೆ ಏನೋ ಹೇಳಿದ. ರೈಲು ಸೇತುವೆಯ ಮೇಲೆ ಹೋಗುತ್ತಿತ್ತೋ ಏನೋ, ಸ್ವಲ್ಪ ಹೊತ್ತು ಬರೀ ದಡದಡ. ಅವಳು ಮತ್ತೆ ಫೋನಿಗೆ ಬಂದಾಗ ದನಿ ಸಣ್ಣದಾಗಿತ್ತು.

"ರೈಲು ನಿಲ್ಲೋದಿಲ್ಲವಂತೆ ಟೀಚರ್."

ನಾನು ಏನಾದರೂ ಹೇಳುವ ಮೊದಲೇ ಕರೆ ಕಡಿದುಹೋಯಿತು. ಆ ದಿನವೆಲ್ಲ ಒತ್ತಿದೆ, ಮತ್ತೆ ಸಿಗಲಿಲ್ಲ. ಕೆಲವು ವಾರಗಳ ನಂತರ ಆ ನಂಬರ್ ಚಾಲ್ತಿಯಲ್ಲಿಲ್ಲ ಎಂದಿತು. ಮುಂದಿನ ಪಿಕ್ಕಿಂಗಿಗೆ ಲೈನಿಗೆ ಬೇರೆ ಜನ ಬಂದರು. ಆ ಹುಡುಗಿಯ ಊರಿನವರೇ ಎಂದು ಕೇಳಲು ನಾನೇ ಏರು ಹತ್ತಿ ಹೋಗಿದ್ದೆ. ಅಲ್ಲ, ಯಾರಿಗೂ ಗೊತ್ತಿಲ್ಲ. ಅವಳು ಈಗ ಎಲ್ಲಿದ್ದಾಳೆ, ಯಾವ ಶಾಲೆ, ಶಾಲೆಗೆ ಹೋಗುತ್ತಾಳೋ ಇಲ್ಲವೋ, ನನಗೂ ಗೊತ್ತಿಲ್ಲ. ಹೀಗೆ ಗೊತ್ತಿಲ್ಲದೆ ಇರುವುದು ಎಷ್ಟು ನೋಯುತ್ತದೆ ಎಂದು ಯಾವ ತರಬೇತಿಯಲ್ಲೂ ಹೇಳಿಕೊಡಲಿಲ್ಲ.

ಆ ಮಳೆ ಬಿದ್ದು ಒಂದು ವಾರ ಕಳೆದಾಗ ಕಾಫಿ ಅರಳಿತು. ಶಾಲೆಯ ಹಿಂದಿನ ಏರು ತುದಿಯಿಂದ ಬುಡದವರೆಗೆ ಬೆಳ್ಳಗಾಯಿತು. ಆ ಘಮ ಬಂದರೆ ನಮ್ಮಲ್ಲಿ ಜಗಳವಾಡಿದವರೂ ಮಾತಾಡುತ್ತಾರೆ. ಶನಿವಾರವಾಗಿತ್ತು. ಮಕ್ಕಳು ರಬ್ಬರುಗಳನ್ನು ತಂದು ಮೇಜಿನ ಮೇಲಿಟ್ಟು, ಹೂವಿನ ಬಗ್ಗೆ ಬರೆಯಲು ಕೂತರು. ನಾನು ಹೋಗಿ ಏರಿನ ಕಡೆಯ ಕಿಟಕಿಗಳನ್ನು ಒಂದೊಂದಾಗಿ ಹಾಕಿದೆ.

"ಯಾಕೆ ಟೀಚರ್? ಒಳ್ಳೆ ಪರಿಮಳ ಬರ್ತಾ ಉಂಟಲ್ಲ," ಎಂದಳು ಹೋದ ಹುಡುಗಿಯ ಜೊತೆ ಒಂದೇ ಬೆಂಚಿನಲ್ಲಿ ಕೂರುತ್ತಿದ್ದವಳು.

"ತಲೆನೋವು," ಎಂದೆ.

ಆ ತರಗತಿಯಲ್ಲಿ ಒಬ್ಬರೂ ಅದನ್ನು ನಂಬಲಿಲ್ಲ. ತಲೆ ಬಗ್ಗಿಸಿ ಬರೆಯತೊಡಗಿದರು.